ಎಣ್ಣೆ ಉಜ್ಜಿ ಬೆಳಗಾಗಲಿ ಅನ್ನಬೇಡಿ

"ಎದೆ ಹಿಡ್ಕೊಂಡಂಗೆ ಆಗ್ತಿದೆ" ಅಂತ ಮನೆಯಲ್ಲಿ ಯಾರಾದರೂ ಅಂದ ಕೂಡಲೇ ನಮ್ಮ ಕೈ ಮೊದಲು ಹೋಗುವುದು ಗೋಡೆ ಗೂಡಿನಲ್ಲಿರುವ ಸಣ್ಣ ಶೀಶೆಗೆ. ಕೆಲವರ ಮನೆಯಲ್ಲಿ ಅದು ಪುದೀನ ಎಣ್ಣೆ, ಕೆಲವರಲ್ಲಿ ಅಮೃತಧಾರೆ, ಇನ್ನು ಕೆಲವರಲ್ಲಿ ಅಮೃತಾಂಜನ ಅಥವಾ ವಿಕ್ಸ್ ಡಬ್ಬಿ. ಏನೂ ಇಲ್ಲದಿದ್ದರೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಅದಕ್ಕೆ ಎರಡು ಬಿಲ್ಲೆ ಕರ್ಪೂರ. ಎದೆಗೆ, ಬೆನ್ನಿಗೆ, ಅಂಗಾಲಿಗೆ ಉಜ್ಜಿ, ಕಂಬಳಿ ಹೊದಿಸಿ ಮಲಗಿಸಿದರೆ ಅರ್ಧ ಚಿಕಿತ್ಸೆ ಮುಗಿದಂತೆ.

ಈ ಶೀಶೆಯ ವಿರುದ್ಧ ಬರೆಯಲು ಕೂತಿಲ್ಲ. ನೆಗಡಿ ಕಟ್ಟಿದ ರಾತ್ರಿ ಅದನ್ನು ಹಚ್ಚಿಕೊಂಡು ನಿದ್ದೆ ಮಾಡಿದವರಲ್ಲಿ ನಾನೂ ಒಬ್ಬ. ನನ್ನ ತಕರಾರು ಆ ಮಾತಿನ ಮೇಲೆ. "ಎದೆ ಹಿಡ್ಕೊಂಡಿದೆ" ಅನ್ನುವ ಒಂದೇ ಮಾತಿನಲ್ಲಿ ನಾವು ಎಷ್ಟೊಂದು ಬೇರೆ ಬೇರೆ ತೊಂದರೆಗಳನ್ನು ತುಂಬಿಬಿಟ್ಟಿದ್ದೇವೆ ನೋಡಿ. ಕಫ ಕಟ್ಟಿದರೂ ಅದೇ ಮಾತು. ಹುಳಿತೇಗು ಬಂದು ಎದೆ ಉರಿದರೂ ಅದೇ. ಗೊಬ್ಬರದ ಮೂಟೆ ಎತ್ತಿ ಪಕ್ಕೆ ಹಿಡಿದರೂ ಅದೇ. ಉಬ್ಬಸ ಬಂದು ದಮ್ಮು ಕಟ್ಟಿದರೂ ಅದೇ. ಹೃದಯದ ರಕ್ತನಾಳ ಕಟ್ಟಿಕೊಂಡರೂ ಅದೇ. ಐದಕ್ಕೂ ಒಂದೇ ಎಣ್ಣೆ. ಮೊದಲ ಮೂರರಲ್ಲಿ ಹೆಚ್ಚಿನ ಸಲ ನಷ್ಟವೇನಿಲ್ಲ. ನಾಲ್ಕನೆಯದರಲ್ಲಿ ಅಪಾಯವಿದೆ. ಐದನೆಯದರಲ್ಲಿ ಎಣ್ಣೆ ಉಜ್ಜುತ್ತಾ ಕೂತ ಹೊತ್ತಿನಲ್ಲೇ ಜೀವ ಹೋಗುತ್ತದೆ.

ಮೊದಲು ಶೀಶೆಯಲ್ಲಿ ಏನಿದೆ ಅಂತ ನೋಡೋಣ. ಗ್ರಂಧಿಗೆ ಅಂಗಡಿಯಲ್ಲಿ "ಪುದೀನ ಹೂವು" ಕೇಳಿದರೆ ಗಾಜಿನ ಚೂರಿನಂಥ ಉದ್ದುದ್ದ ಬಿಳಿ ಹರಳು ಕಟ್ಟಿಕೊಡುತ್ತಾರೆ. ಹೂವಿಗೂ ಅದಕ್ಕೂ ಸಂಬಂಧವಿಲ್ಲ. ಅದೇ ಮೆಂಥಾಲ್. ಪುದೀನ ಜಾತಿಯ ಗಿಡವನ್ನು ಭಟ್ಟಿಗೆ ಹಾಕಿ, ಹಬೆಯಲ್ಲಿ ಎಣ್ಣೆ ಇಳಿಸಿ, ಆ ಎಣ್ಣೆಯನ್ನು ಚೆನ್ನಾಗಿ ತಂಪು ಮಾಡಿದರೆ ಈ ಹರಳು ಕಟ್ಟುತ್ತದೆ. ಗಿಡವೂ ನಾವು ಚಟ್ನಿಗೆ ಹಾಕುವ ಪುದೀನ ಅಲ್ಲ, ಅದರ ದಾಯಾದಿ. ಜಪಾನಿ ಪುದೀನ ಅನ್ನುತ್ತಾರೆ. ಉತ್ತರ ಪ್ರದೇಶದ ಬಾರಾಬಂಕಿ, ಸಂಭಲ್, ಬದಾಯೂಂ ಕಡೆಯ ರೈತರು ಇದನ್ನು ಬೇಸಿಗೆ ಬೆಳೆಯಾಗಿ ಬೆಳೆದು, ಊರಿನಲ್ಲೇ ಭಟ್ಟಿ ಇಟ್ಟು ಎಣ್ಣೆ ಇಳಿಸುತ್ತಾರೆ. ಜಗತ್ತಿನಲ್ಲಿ ಈ ಎಣ್ಣೆಯನ್ನು ಅತಿ ಹೆಚ್ಚು ತೆಗೆಯುವುದು ನಮ್ಮ ದೇಶವೇ. ಟೂತ್‌ಪೇಸ್ಟ್, ಪಾನ್ ಮಸಾಲ, ಕೆಮ್ಮಿನ ಗುಳಿಗೆ, ನೋವಿನ ಮುಲಾಮು ಎಲ್ಲದರಲ್ಲೂ ತಣ್ಣಗೆ ಅನ್ನಿಸುವುದು ಇದರಿಂದ. ನಮ್ಮಲ್ಲಿ ತುಂಬ ಜನ ನೀಲಗಿರಿ ಎಣ್ಣೆಯೂ ಇದೇ ಅಂದುಕೊಂಡಿದ್ದಾರೆ. ಅಲ್ಲ, ಅದು ನೀಲಗಿರಿ ಮರದ ಎಲೆಯದ್ದು, ಒಳಗಿರುವ ವಸ್ತುವೇ ಬೇರೆ.

ಅಮೃತಧಾರೆಯ ಸಂಗತಿ ಚಂದ ಇದೆ. ಪುದೀನ ಹೂವು, ಓಮದ ಹೂವು, ಕರ್ಪೂರ ಮೂರೂ ಗಟ್ಟಿ ಪದಾರ್ಥ. ಮೂರನ್ನೂ ಒಂದು ಶೀಶೆಗೆ ಹಾಕಿ ಅಲ್ಲಾಡಿಸಿ ಇಟ್ಟರೆ ಒಂದು ಹನಿ ನೀರು ಹಾಕದೆಯೇ ಕರಗಿ ಎಣ್ಣೆಯಾಗುತ್ತದೆ. ಜಾತ್ರೆಯಲ್ಲಿ ಮೈಕ್ ಹಿಡಿದು ಮಾರುವವರು ಇದನ್ನೇ ಪವಾಡದ ಹಾಗೆ ತೋರಿಸುತ್ತಾರೆ. ಪವಾಡ ಏನಿಲ್ಲ. ಬಿಡಿಬಿಡಿಯಾಗಿದ್ದಾಗ ಹೆಚ್ಚು ಬಿಸಿಗೆ ಕರಗುವ ಈ ಮೂರೂ ಬೆರೆತಾಗ ಕಡಿಮೆ ಬಿಸಿಗೇ ಕರಗುತ್ತವೆ, ಅಷ್ಟೆ.

ಇನ್ನೊಂದು ಮಾತು. ಇದನ್ನೆಲ್ಲ ನಾವು "ಅಜ್ಜಿ ಕಾಲದ ಔಷಧಿ" ಅನ್ನುತ್ತೇವೆ. ಅಮೃತಾಂಜನವನ್ನು ಕಾಶೀನಾಥುನಿ ನಾಗೇಶ್ವರ ರಾವ್ ಪಂತುಲು ಬೊಂಬಾಯಿಯಲ್ಲಿ ಶುರು ಮಾಡಿದ್ದು 1893ರಲ್ಲಿ. ವಿಕ್ಸ್ ಕೂಡ ಅದೇ ಹೊತ್ತಿನಲ್ಲಿ ಅಮೆರಿಕದ ಔಷಧಿ ಅಂಗಡಿಯವರೊಬ್ಬರು ಮಾಡಿದ್ದು. ಅಂದರೆ ಡಬ್ಬಿಯಲ್ಲಿ ಬರುವ ಈ ಔಷಧಿಗಳಿಗೆ ಸುಮಾರು ನೂರ ಮೂವತ್ತು ವರ್ಷ, ಅದೂ ಜಾಹೀರಾತಿನ ಬೆನ್ನೇರಿ ಹಳ್ಳಿಗೆ ಬಂದದ್ದು. ಅದಕ್ಕೂ ಹಿಂದಿನದ್ದು ಬಿಸಿ ವೀಳ್ಯದೆಲೆ, ದೊಡ್ಡಪತ್ರೆ ರಸ, ಉಪ್ಪಿನ ಶಾಖ, ಮತ್ತೆ ಉಜ್ಜುವ ಕೈ. ನನ್ನನ್ನು ಕೇಳಿದರೆ ಪರಂಪರೆ ಅನ್ನಬೇಕಾದ್ದು ಆ ಕೈಯನ್ನು.

ಸರಿ, ಹಚ್ಚಿದಾಗ ಆಗುವುದೇನು? ನಮ್ಮ ಚರ್ಮದ ನರಗಳ ತುದಿಯಲ್ಲಿ ತಂಪನ್ನು ಗುರುತಿಸುವ ಸಣ್ಣ ಬಾಗಿಲುಗಳಿವೆ. ತಣ್ಣನೆ ನೀರು ಬಿದ್ದರೆ ಅವು ತೆರೆದುಕೊಂಡು "ತಂಪಾಯಿತು" ಅಂತ ಮಿದುಳಿಗೆ ಸುದ್ದಿ ಕಳಿಸುತ್ತವೆ. ಮೆಂಥಾಲ್ ತಾಗಿದರೂ ಅದೇ ಬಾಗಿಲು ತೆರೆಯುತ್ತದೆ. ಚರ್ಮ ತಣ್ಣಗಾಗದೆಯೇ ಸುದ್ದಿ ಹೋಗುತ್ತದೆ. ಈ ಬಾಗಿಲನ್ನು 2002ರಲ್ಲಿ ಎರಡು ತಂಡದವರು ಬೇರೆ ಬೇರೆಯಾಗಿ ಕಂಡುಹಿಡಿದರು. ಆ ತಂಡಗಳನ್ನು ನಡೆಸುತ್ತಿದ್ದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ ಬಿಸಿ, ತಂಪು, ಸ್ಪರ್ಶ ನಮಗೆ ಹೇಗೆ ತಿಳಿಯುತ್ತದೆ ಅನ್ನುವ ಕೆಲಸಕ್ಕಾಗಿ 2021ರಲ್ಲಿ ನೊಬೆಲ್ ಬಂತು.

ಮೂಗು ಕಟ್ಟಿದಾಗಲೂ ಇದೇ ಆಟ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ರಾನ್ ಎಕಲ್ಸ್ ಅನ್ನುವವರು ನೆಗಡಿಯನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಮೆಂಥಾಲ್ ಮೂಸಿದವರು "ಮೂಗು ಬಿಟ್ಟಿತು" ಅಂದರು. ಅಳೆದು ನೋಡಿದರೆ ಒಳಗೆ ಗಾಳಿ ಹೋಗುವ ದಾರಿ ಮೊದಲಿದ್ದಷ್ಟೇ ಇತ್ತು. ಬಿಟ್ಟಿತು ಅನ್ನುವ ಅನುಭವ ನಿಜ, ಬಿಟ್ಟದ್ದು ಸುಳ್ಳು.

ಹಾಗಂತ ಪ್ರಯೋಜನವೇ ಇಲ್ಲ ಅನ್ನಲಾರೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ನೆಗಡಿ, ಕೆಮ್ಮು ಇದ್ದ 2ರಿಂದ 11 ವರ್ಷದ 138 ಮಕ್ಕಳ ಮೇಲೆ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದರು. ಕೆಲವರಿಗೆ ಮೆಂಥಾಲ್, ಕರ್ಪೂರ, ನೀಲಗಿರಿ ಇರುವ ಮುಲಾಮು, ಕೆಲವರಿಗೆ ಬರೀ ವ್ಯಾಸಲೀನ್ ಥರದ ಜಿಡ್ಡು, ಕೆಲವರಿಗೆ ಏನೂ ಇಲ್ಲ. ಮುಲಾಮು ಹಚ್ಚಿದ ಮಕ್ಕಳು ಆ ರಾತ್ರಿ ಚೆನ್ನಾಗಿ ಮಲಗಿದರು ಅಂತ ಅಪ್ಪ ಅಮ್ಮಂದಿರು ಹೇಳಿದರು. ಕೆಲವು ಮಕ್ಕಳಿಗೆ ಚರ್ಮ ಉರಿಯಿತು ಅನ್ನುವುದೂ ಅದರಲ್ಲಿತ್ತು. ಕೆಮ್ಮಿನ ರಾತ್ರಿ ಒಂದಿಷ್ಟು ನಿದ್ದೆ ಸಿಗುವುದು ಸಣ್ಣ ವಿಷಯವಲ್ಲ. ಆ ಕೆಲಸಕ್ಕೆ ಶೀಶೆ ಇರಲಿ.

ಮಕ್ಕಳ ಮಾತು ಬಂದದ್ದರಿಂದ ಅದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಎರಡು ವರ್ಷದೊಳಗಿನ ಕೂಸಿಗೆ ಇದು ಬೇಡ. ಕೂಸಿನ ಮೂಗಿನ ಹೊಳ್ಳೆಗೆ ಮೆಂಥಾಲ್ ಅಥವಾ ಕರ್ಪೂರ ಸವರಿದರೆ ಉಸಿರೇ ಒಮ್ಮೆಗೇ ಹಿಡಿದುಕೊಳ್ಳಬಹುದು. ಕರ್ಪೂರದ ಎಣ್ಣೆ ಹೊಟ್ಟೆಗೆ ಹೋದರಂತೂ ಅರ್ಧ ಗಂಟೆಯೊಳಗೆ ಫಿಟ್ಸ್ ಬರಬಹುದು, ಸಣ್ಣ ಮಕ್ಕಳಿಗೆ ಒಂದು ಚಮಚವೂ ಹೆಚ್ಚೇ. ಅಮೆರಿಕದಲ್ಲಿ 1980ರ ದಶಕದಲ್ಲಿ ಕರ್ಪೂರದ ಎಣ್ಣೆ ಮಾರುವುದನ್ನು ನಿಲ್ಲಿಸಿ, ಹಚ್ಚುವ ಔಷಧಿಯಲ್ಲಿ ಕರ್ಪೂರ ಶೇ 11 ದಾಟಬಾರದು ಅಂತ ಮಿತಿ ಹಾಕಿದ್ದು ಇದಕ್ಕೇ. ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆಗೆ ಎಷ್ಟು ಬಿಲ್ಲೆ ಅನ್ನುವುದಕ್ಕೆ ಅಳತೆಯೇ ಇಲ್ಲ. ಮಗುವಿಗೆ ಕೆಮ್ಮು ಜೋರಾಗಿದ್ದರೆ ಎಣ್ಣೆ ಹುಡುಕುವ ಮೊದಲು ಉಸಿರು ಎಣಿಸಿ. ಮಲಗಿರುವಾಗ ಹೊಟ್ಟೆ ಏರಿಳಿಯುವುದನ್ನು ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ನೋಡಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಮುಟ್ಟಿದರೆ, ಅಥವಾ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ ಅದು ನ್ಯುಮೋನಿಯಾ ಇರಬಹುದು. ಈ ಲೆಕ್ಕ ನಿಮ್ಮೂರ ಆಶಾ ಅಕ್ಕನಿಗೂ ಗೊತ್ತಿರುತ್ತದೆ.

ಈಗ ದೊಡ್ಡವರ ವಿಷಯ. ಹೊಲದಲ್ಲಿ ಬದು ಹತ್ತುವಾಗ ಐವತ್ತು ದಾಟಿದವರೊಬ್ಬರಿಗೆ ಎದೆ ಬಿಗಿಯುತ್ತದೆ ಅಂದುಕೊಳ್ಳಿ. ಕೂರುತ್ತಾರೆ. ಮನೆಗೆ ಕರೆತಂದು ಎಣ್ಣೆ ಉಜ್ಜುತ್ತಾರೆ. ಐದು ನಿಮಿಷ, ಹತ್ತು ನಿಮಿಷದಲ್ಲಿ ಬಿಗಿತ ಹೋಗುತ್ತದೆ. "ನೋಡು, ಎಣ್ಣೆ ಹಚ್ಚಿದ್ದಕ್ಕೆ ಬಿಡ್ತು. ಗ್ಯಾಸೇ ಇದು." ವಾರ ಬಿಟ್ಟು ಮತ್ತೆ ಹಾಗೇ. ಮತ್ತೆ ಎಣ್ಣೆ, ಮತ್ತೆ ಬಿಡ್ತು. ಮನೆಯಲ್ಲಿ ಎಲ್ಲರಿಗೂ ನಂಬಿಕೆ ಬೇರೂರುತ್ತದೆ.

ಆದರೆ ಬಿಗಿತ ಹೋದದ್ದು ಎಣ್ಣೆಯಿಂದಲ್ಲ, ಕೂತದ್ದರಿಂದ. ಹೃದಯಕ್ಕೆ ರಕ್ತ ಕೊಡುವ ನಾಳ ಕಿರಿದಾಗಿದ್ದರೆ ಕೆಲಸ ಮಾಡುವಾಗ ರಕ್ತ ಸಾಲದೆ ಎದೆ ಹಿಡಿಯುತ್ತದೆ. ಕೂತು ಸುಧಾರಿಸಿಕೊಂಡರೆ ಕೆಲವೇ ನಿಮಿಷಕ್ಕೆ ತಾನಾಗಿ ಬಿಡುತ್ತದೆ. ಡಾಕ್ಟರುಗಳು ಇದನ್ನು ಆಂಜೈನಾ ಅನ್ನುತ್ತಾರೆ. ಹೃದಯಾಘಾತಕ್ಕೆ ಎಷ್ಟೋ ದಿನ ಮುಂಚೆ ಬರುವ ಎಚ್ಚರಿಕೆ ಅದು. ನಡೆದಾಗ ಬಂದು ಕೂತಾಗ ಹೋಗುವ ಎದೆನೋವು ಗ್ಯಾಸ್ ಇರುವ ಸಾಧ್ಯತೆ ಕಡಿಮೆ, ಹೃದಯದ್ದಿರುವ ಸಾಧ್ಯತೆ ಹೆಚ್ಚು. ಅಂಥ ಎಚ್ಚರಿಕೆ ಬಂದಾಗಲೆಲ್ಲ ಎಣ್ಣೆಗೆ ಹೆಸರು ಬರುತ್ತದೆ, ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕಾದ ದಿನ ಕಳೆದುಹೋಗುತ್ತದೆ. ಉಜ್ಜುವುದರಿಂದ ನೋವು ಸ್ವಲ್ಪ ಹಗುರ ಅನ್ನಿಸುವುದೂ ಇದೆ, ಚರ್ಮದಿಂದ ಹೋಗುವ ಸುದ್ದಿ ಒಳಗಿನ ನೋವಿನ ಸುದ್ದಿಯನ್ನು ಒಂದಿಷ್ಟು ಹಿಂದಕ್ಕೆ ತಳ್ಳುತ್ತದೆ. ಹಗುರಾದದ್ದು ಅನುಭವ, ನಾಳ ಹಾಗೇ ಇದೆ. ಮೂಗಿನ ಕಥೆಯೇ ಇಲ್ಲೂ.

ಎಣ್ಣೆ ಹಚ್ಚಿ ಕಡಿಮೆಯಾಯಿತು, ಆದ್ದರಿಂದ ಹೃದಯದ್ದಲ್ಲ ಅನ್ನುವ ತೀರ್ಮಾನ ಈ ಕಾರಣಕ್ಕೇ ತಪ್ಪು. ಅಮೃತಧಾರೆ ನಾಲ್ಕು ಹನಿ ಸಕ್ಕರೆಗೆ ಹಾಕಿ ನುಂಗಿ ತೇಗು ಬಂತು, ಆದ್ದರಿಂದ ಗ್ಯಾಸೇ ಅನ್ನುವುದೂ ಅಷ್ಟೇ ತಪ್ಪು. ಹೃದಯಾಘಾತದಲ್ಲೂ ತೇಗು ಬರುತ್ತದೆ, ವಾಂತಿ ಬರುತ್ತದೆ, ಹೊಟ್ಟೆ ಮೇಲೆ ಹಿಡಿದಂತೆ ಆಗುತ್ತದೆ. ಇನ್ನು ನಿಜವಾಗಿ ಹುಳಿತೇಗಿನ ಎದೆಯುರಿ ಇದ್ದವರಿಗೆ ಮೆಂಥಾಲ್ ನುಂಗುವುದು ಉಲ್ಟಾ ಹೊಡೆಯುತ್ತದೆ. ಅದು ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲ ಮಾಡುತ್ತದೆ, ಹುಳಿ ಇನ್ನಷ್ಟು ಮೇಲೆ ಬರುತ್ತದೆ. ಹೊಟ್ಟೆ ಉಬ್ಬರಕ್ಕೆ ಒಳ್ಳೆಯದಾದದ್ದು ಎದೆಯುರಿಗೆ ಒಳ್ಳೆಯದಲ್ಲ.

ಹೃದಯಾಘಾತ ಅಂದರೆ ಆ ಕಿರಿದಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಹೋಗುವುದು. ಮುಂದಿನ ಕಾಲುವೆಗೆ ನೀರು ನಿಂತ ಗದ್ದೆಯ ಹಾಗೆ, ಆ ಭಾಗದ ಮಾಂಸ ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಟೆನೆಕ್ಟೆಪ್ಲೇಸ್ ಅಂತ. ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಅದರ ಗುಣ ಅತಿ ಹೆಚ್ಚು, 12 ಗಂಟೆ ದಾಟಿದ ಮೇಲೆ ಕೊಟ್ಟು ಹೆಚ್ಚು ಉಪಯೋಗವಿಲ್ಲ. ರಾತ್ರಿ ಹತ್ತಕ್ಕೆ ನೋವು ಶುರುವಾಗಿ, ಎಣ್ಣೆ ಉಜ್ಜಿ, ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಒಳ್ಳೆಯ ಗಂಟೆಗಳೆಲ್ಲ ಮುಗಿದಿರುತ್ತವೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ನಾವೆಲ್ಲ ಅತ್ತೆವು. ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ಯೋಜನೆಯಲ್ಲಿರುವ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗೆ ಎದೆನೋವು ಅಂತ ಹೋದರೆ ತಕ್ಷಣ ಇಸಿಜಿ ತೆಗೆಯುತ್ತಾರೆ, ಅದು ಜಯದೇವದಂಥ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಹೋಗುತ್ತದೆ, ಬೇಕೆಂದರೆ ಅದೇ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆಯಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಅಪ್ಪು ಫೋಟೊ ಆಟೊ ಹಿಂದೆ, ಟ್ರ್ಯಾಕ್ಟರ್ ಮೇಲೆ, ಅಂಗಡಿ ಬೋರ್ಡಿನಲ್ಲಿ ಎಲ್ಲೆಲ್ಲೂ ಇದೆ. ಅವರ ಹೆಸರಿನ ಇಂಜೆಕ್ಷನ್ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಅಂತ ಎಷ್ಟು ಜನಕ್ಕೆ ಗೊತ್ತು?

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಟಿ.ವಿ.ಯಲ್ಲಿ ದಿನವಿಡೀ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನಿಂದಲೇ ಸಾಲು ನಿಂತಿತ್ತು. ಏನೂ ತೊಂದರೆ ಇಲ್ಲದವರೂ ಹೆದರಿ ಹೋದರು. ಹೆದರಿಕೆಗೆ ನೂರು ಕಿಲೋಮೀಟರ್ ದೂರ ಹೋಗುವ ನಾವು, ನಿಜವಾಗಿ ಎದೆ ಹಿಡಿದ ರಾತ್ರಿ ಇಪ್ಪತ್ತು ಕಿಲೋಮೀಟರ್ ದೂರದ ತಾಲ್ಲೂಕು ಆಸ್ಪತ್ರೆಗೆ ಹೊರಡುವುದಿಲ್ಲ.

ಯಾಕೆ ಹೊರಡುವುದಿಲ್ಲ ಅನ್ನುವುದಕ್ಕೆ ಜನರನ್ನು ಬೈದು ಪ್ರಯೋಜನವಿಲ್ಲ. ಎಲ್ಲ ಮನೆಯಲ್ಲೂ ನಡೆಯುವ ಮಾತು ಇದು:

"ಅಪ್ಪಾ, ಏಳು, ಆಸ್ಪತ್ರೆಗೆ ಹೋಗಾನ."

"ಸುಮ್ನಿರ್ಲಾ, ಗ್ಯಾಸು ಕಣ್ಲಾ. ಆ ಎಣ್ಣೆ ತತ್ತಾ ಇಲ್ಲಿ. ಹೊತ್ತಾರೆ ನೋಡಾನ."

ಆ "ಹೊತ್ತಾರೆ ನೋಡಾನ" ಅನ್ನುವುದರ ಹಿಂದೆ ಕಾರು ಬಾಡಿಗೆಯ ಲೆಕ್ಕ ಇದೆ, ಹಸು ಕರೆಯುವವರು ಯಾರು ಅನ್ನುವ ಯೋಚನೆ ಇದೆ, ಹೋಗಿ ಏನೂ ಇಲ್ಲ ಅಂದರೆ ಊರವರು ನಗುತ್ತಾರೆ ಅನ್ನುವ ನಾಚಿಕೆ ಇದೆ. ಹೆಂಗಸರಾದರೆ ಇನ್ನೂ ಕಷ್ಟ. ಅಮ್ಮನಿಗೆ ಬೆನ್ನು ನೋವು, ಸುಸ್ತು, ವಾಕರಿಕೆ ಅಂದರೆ "ಕೆಲಸ ಜಾಸ್ತಿ ಆಯ್ತು, ಮಲಕ್ಕೋ" ಅನ್ನುತ್ತೇವೆ. ಹೆಂಗಸರಿಗೂ ಸಕ್ಕರೆ ಕಾಯಿಲೆಯವರಿಗೂ ಹೃದಯಾಘಾತ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದು ಬೀಳುವ ರೀತಿಯಲ್ಲೇ ಬರಬೇಕೆಂದಿಲ್ಲ. ಬರೀ ಉಸಿರು ಕಟ್ಟುವುದು, ತಣ್ಣನೆ ಬೆವರು, ದವಡೆ ನೋವು ಇಷ್ಟೇ ಇರಬಹುದು. ಅಂಥ ಅಮ್ಮನಿಗೆ ಮಗಳು ಪ್ರೀತಿಯಿಂದಲೇ ಬೆನ್ನಿಗೆ ಎಣ್ಣೆ ಉಜ್ಜುತ್ತಿರುತ್ತಾಳೆ.

ಇನ್ನೊಂದು ಕಡೆ, ಎದೆನೋವು ಅಂತ ಹೋದವರಿಗೆ ಇಸಿಜಿ ಇಲ್ಲದೆಯೇ ಗ್ಯಾಸಿನ ಇಂಜೆಕ್ಷನ್ ಚುಚ್ಚಿ ಮನೆಗೆ ಕಳಿಸುವ ಕ್ಲಿನಿಕ್ಕುಗಳೂ ನಮ್ಮ ಹೋಬಳಿಗಳಲ್ಲಿವೆ. ಅದಕ್ಕೂ ಎಣ್ಣೆಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಎಣ್ಣೆ ಅಗ್ಗ, ಅಷ್ಟೆ. ನಲವತ್ತು ದಾಟಿದವರಿಗೆ ಎದೆನೋವು ಅಂದರೆ "ಸಾರ್, ಒಂದು ಇಸಿಜಿ ಬೇಕಲ್ವಾ?" ಅಂತ ಕೇಳಿ. ಮೊದಲ ಇಸಿಜಿ ಸರಿಯಾಗಿ ಬಂದು ನೋವು ಇನ್ನೂ ಇದ್ದರೆ ಇನ್ನೊಂದು ತೆಗೆಯಿರಿ ಅಂತಲೂ ಕೇಳಬಹುದು, ಮೊದಲನೆಯದರಲ್ಲಿ ಕಾಣದ್ದು ಸ್ವಲ್ಪ ಹೊತ್ತಿನ ನಂತರ ಕಾಣುವುದಿದೆ.

ಎದೆಯ ಮೇಲೆ ಕಲ್ಲು ಹೇರಿದ ಹಾಗೆ ಭಾರ, ಅದು ಎಡಗೈಗೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರು, ಉಸಿರು ಸಾಲದಿರುವುದು, ಇವು ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡ ಅಂದರೆ ಪಕ್ಕದ ಮನೆಯವರ ಕಾರೋ ಆಟೊವೋ ಹತ್ತಿಸಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗಬೇಡಿ, ಬಸ್ ಸ್ಟ್ಯಾಂಡಿನ ತನಕ ನಡೆಸಬೇಡಿ. ಹೋಗುವುದು ಇಸಿಜಿ ಇರುವ ಆಸ್ಪತ್ರೆಗೇ ಆಗಿರಲಿ. ದಾರಿಯಲ್ಲಿ ಅಜ್ಜಿಗೆ ಸಮಾಧಾನವಾಗುವುದಾದರೆ ಎಣ್ಣೆ ಉಜ್ಜಲಿ, ಗಾಡಿ ನಿಲ್ಲಿಸಬೇಡಿ. ಉಬ್ಬಸದವರೂ ಅಷ್ಟೇ. ಮೆಂಥಾಲಿನಿಂದ ಉಸಿರು ಸಲೀಸಾದಂತೆ ಅನ್ನಿಸಿದರೂ ಶ್ವಾಸನಾಳ ತೆರೆಯುವುದು ಇನ್‌ಹೇಲರ್.

ಎಲ್ಲವನ್ನೂ ಮನೆಯವರ ತಲೆಗೇ ಕಟ್ಟುವುದು ನ್ಯಾಯವಲ್ಲ. ರಾತ್ರಿ ಎರಡು ಗಂಟೆಗೆ ಕೈಗೆ ಸಿಗುವುದು ಎಣ್ಣೆ ಮಾತ್ರ ಆಗಿದ್ದರೆ ಜನ ಎಣ್ಣೆಯನ್ನೇ ಹಚ್ಚುತ್ತಾರೆ. ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿ ದೀಪದ ಜೊತೆಗೆ ಇದನ್ನೂ ಕೇಳಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಸಿಜಿ ಯಂತ್ರ ಇದೆಯಾ? ಇದ್ದರೆ ಅದಕ್ಕೆ ಕಾಗದ ಇದೆಯಾ, ರಾತ್ರಿ ತೆಗೆಯುವವರು ಯಾರು? ನಮ್ಮ ತಾಲ್ಲೂಕು ಆಸ್ಪತ್ರೆ ಹೃದಯ ಜ್ಯೋತಿಯಲ್ಲಿ ಸೇರಿದೆಯಾ, ಇಂಜೆಕ್ಷನ್ ದಾಸ್ತಾನು ಇದೆಯಾ? ಸೇರಿಲ್ಲ ಅಂದರೆ ಸೇರಿರುವ ಹತ್ತಿರದ ಆಸ್ಪತ್ರೆ ಯಾವುದು? ಉತ್ತರ ಸಿಕ್ಕಿದ ಮೇಲೆ ಅದನ್ನು ಪಂಚಾಯಿತಿ ಗೋಡೆ ಮೇಲೆ, ಹಾಲಿನ ಡೈರಿ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ: ಎದೆನೋವು ಬಂದರೆ ಈ ಆಸ್ಪತ್ರೆ, ಈ ನಂಬರು, ರಾತ್ರಿಯೂ ತೆರೆದಿರುತ್ತದೆ. ಬಣ್ಣದ ಖರ್ಚು ಸಾವಿರ ರೂಪಾಯಿ ದಾಟುವುದಿಲ್ಲ. ಡೈರಿ ಗೋಡೆಯಾದರೆ ಊರಿನ ಅರ್ಧ ಜನ ದಿನಕ್ಕೆ ಎರಡು ಸಲ ಅದರ ಮುಂದೆಯೇ ನಿಂತಿರುತ್ತಾರೆ.